ಯಾದವಗಿರಿಯ ಜಾವಾ, ಶೋಲಾವರಂನ ರೇಸು

ಮೈಸೂರಿನ ಯಾದವಗಿರಿಯಲ್ಲಿ 1961ರ ಮಾರ್ಚ್‌ನಲ್ಲಿ ಜಾವಾ ಮೋಟಾರ್‌ಸೈಕಲ್‌ಗಳ ತಯಾರಿಕೆ ಶುರುವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆ ಮೂವತ್ತೈದು ವರ್ಷ ನಡೆದು 1996ರಲ್ಲಿ ನಿಂತಿತು. ಅಲ್ಲಿ ತಯಾರಾದದ್ದು ದುಡಿಯುವ ಗಾಡಿ. ಕಚೇರಿಗೆ ಹೋಗುವವರು, ಹಾಲಿನ ಕ್ಯಾನು ಹೊರುವವರು, ಹೊಲದ ದಾರಿ ಹಿಡಿದ ರೈತರು ಅದನ್ನು ಕೊಂಡರು. ಅದೇ ಗಾಡಿಯನ್ನು ಬಿಚ್ಚಿ, ಅರ ಉಜ್ಜಿ, ಹಗುರ ಮಾಡಿ ರೇಸಿಗೆ ಇಳಿಸಿದವರೂ ಇದ್ದರು. ಆ ವರ್ಷಗಳಲ್ಲೇ ಜಾವಾದ ತವರಾದ ಚೆಕೊಸ್ಲೊವಾಕಿಯಾದಲ್ಲಿ ಅದೇ ಹೆಸರು ಹೊತ್ತ ಯಂತ್ರಗಳು ಮಂಜುಗಡ್ಡೆಯ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ವಿಶ್ವ ಚಾಂಪಿಯನ್ನರನ್ನು ರೂಪಿಸುತ್ತಿದ್ದವು. ಒಂದೇ ಹೆಸರು ಎರಡು ನೆಲಗಳಲ್ಲಿ ಎರಡು ದಾರಿ ಹಿಡಿಯಿತು. ಅಲ್ಲಿ ರೇಸಿನ ಯಂತ್ರ ಕಾರ್ಖಾನೆಯಲ್ಲೇ ಹುಟ್ಟಿತು. ಇಲ್ಲಿ ಅದನ್ನು ಹುಟ್ಟಿಸಿದ್ದು ಹೆಚ್ಚಾಗಿ ಮೆಕ್ಯಾನಿಕ್‌ನ ಕೈ.

ಜಾವಾದ ಮೂಲ 1929ರ ಪ್ರಾಗ್ ನಗರದಲ್ಲಿದೆ. ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್‌ನ ಮೊದಲ ಅಕ್ಷರಗಳನ್ನೂ ಕೂಡಿಸಿ ಹೊಸ ಕಂಪನಿಗೆ ಇಟ್ಟ ಹೆಸರು ಅದು. ಮೊದಲ 500 ಸಿಸಿ ಗಾಡಿ ದುಬಾರಿಯಾಗಿತ್ತು, ಹೆಚ್ಚು ಮಾರಾಟವಾಗಲಿಲ್ಲ. ಬ್ರಿಟಿಷ್ ವಿನ್ಯಾಸಕಾರ ಜಾರ್ಜ್ ವಿಲಿಯಂ ಪ್ಯಾಚೆಟ್ ಬಂದು, 1932ರಲ್ಲಿ ವಿಲಿಯರ್ಸ್ ಎಂಜಿನ್ನಿನ 175 ಸಿಸಿ ಟೂ-ಸ್ಟ್ರೋಕ್ ಗಾಡಿ ಹೊರಬಂದ ಮೇಲೆ ಕಂಪನಿಯ ಕೈ ಹಿಡಿದದ್ದು ಅಗ್ಗದ, ಸರಳವಾದ, ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದಾದ ಎಂಜಿನ್. ಆ ಸರಳತೆ ಮುಂದೆ ಮೈಸೂರಿನವರೆಗೂ ಬಂತು.

ಎರಡನೆಯ ಮಹಾಯುದ್ಧದಲ್ಲಿ ನಾಜಿ ಆಕ್ರಮಣದ ಕೆಳಗಿದ್ದಾಗಲೂ ಜಾವಾದ ಎಂಜಿನಿಯರ್‌ಗಳು ಗುಟ್ಟಾಗಿ ಹೊಸ 250 ಸಿಸಿ ಗಾಡಿಯ ಕೆಲಸ ನಡೆಸಿದ್ದರು. 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಆ ಗಾಡಿಯೇ ಪೆರಾಕ್. ಯುದ್ಧ ಮುಗಿದ ಬೆನ್ನಿಗೇ ಕಂಪನಿ ರಾಷ್ಟ್ರೀಕರಣಗೊಂಡಿತು, ಸ್ಟ್ರಾಕೊನಿಟ್ಸೆಯ ಸಿಝಡ್ ಕಾರ್ಖಾನೆಯೊಂದಿಗೆ ಸೇರಿ ಕೆಲಸ ಮಾಡತೊಡಗಿತು. ರೇಸಿನಲ್ಲಿ ಚೆಕ್ ಯಂತ್ರಗಳಿಗೆ ದೊಡ್ಡ ಹೆಸರು ಬಂದದ್ದು 1960ರ ದಶಕದಲ್ಲಿ. 1961ರ 350 ಸಿಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫ್ರಾಂಟಾ ಶ್ಟಾಸ್ಟ್ನಿ ಜಾವಾ ಏರಿ ಎರಡನೆಯ ಸ್ಥಾನ ಪಡೆದರು. ಮೋಟೊಕ್ರಾಸ್‌ನಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ 1964ರಲ್ಲಿ, ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರ್ಷ ಸಿಝಡ್ ಗಾಡಿಗಳ ಮೇಲೆ ವಿಶ್ವ ಪ್ರಶಸ್ತಿ ಗೆದ್ದರು.

ಮಂಜುಗಡ್ಡೆಯ ರೇಸಿನ ಕತೆ ಬೇರೊಂದು ಸಣ್ಣ ಊರಿನದು. ಪ್ರಾಗ್‌ನಿಂದ ಹೆಚ್ಚು ದೂರವಿಲ್ಲದ ಡಿವಿಶೋವ್‌ನಲ್ಲಿ ಯಾರೊಸ್ಲಾವ್ ಸಿಮಾಂಡ್ಲ್ 1949ರಲ್ಲಿ ಎಸೊ ಎಂಬ ಹೆಸರಿನಲ್ಲಿ ಸ್ಪೀಡ್‌ವೇ ಗಾಡಿಗಳನ್ನು ಮಾಡತೊಡಗಿದರು. ಸ್ಪೀಡ್‌ವೇ ಎಂದರೆ ಅಂಡಾಕಾರದ ಟ್ರ್ಯಾಕಿನಲ್ಲಿ ನಾಲ್ವರು ಸವಾರರು ಎಡಕ್ಕೆ ತಿರುಗುತ್ತಾ ನಾಲ್ಕು ಸುತ್ತು ಓಡುವ ರೇಸು. ಗಾಡಿಗೆ ಬ್ರೇಕ್ ಇಲ್ಲ. 500 ಸಿಸಿಯ ಒಂಟಿ ಸಿಲಿಂಡರ್ ಫೋರ್-ಸ್ಟ್ರೋಕ್ ಎಂಜಿನ್ ಮೆಥನಾಲ್ ಕುಡಿದು ಓಡುತ್ತದೆ. 1964ರಲ್ಲಿ ಎಸೊ ಜಾವಾದೊಳಗೆ ಸೇರಿತು. ಅಲ್ಲಿಂದಾಚೆ ಸ್ಪೀಡ್‌ವೇ ಲೋಕದಲ್ಲಿ ಜಾವಾ ಎಂಬುದು ಮನೆಮಾತು.

ಇದೇ ಯಂತ್ರವನ್ನು ಮಂಜುಗಡ್ಡೆಗೆ ಒಗ್ಗಿಸುವಾಗ ಚಾಸಿಯನ್ನು ಉದ್ದ ಮಾಡಿದರು, ಎರಡು ಗೇರುಗಳ ಪೆಟ್ಟಿಗೆ ಇಟ್ಟರು, ಟೈರುಗಳಿಗೆ 28 ಮಿಲಿಮೀಟರ್‌ವರೆಗಿನ ಉಕ್ಕಿನ ಮೊಳೆಗಳನ್ನು ಬಿಗಿದರು. ಮುಂದಿನ ಚಕ್ರಕ್ಕೆ ತೊಂಬತ್ತರಷ್ಟು, ಹಿಂದಿನದಕ್ಕೆ ಇನ್ನೂರಕ್ಕೂ ಹೆಚ್ಚು ಮೊಳೆ. ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ದಢೇಸುಗೂರಿನ ಸುತ್ತ, ಭತ್ತದ ನಾಟಿಗೆ ಮುಂಚೆ ಗದ್ದೆಯನ್ನು ರೊಜ್ಜು ಮಾಡಲು ಇಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ತೊಡಿಸುವುದನ್ನು ಕಂಡವರಿಗೆ ಈ ಮೊಳೆಗಳ ಕೆಲಸ ಬೇಗ ಅರ್ಥವಾಗುತ್ತದೆ. ರಬ್ಬರಿಗೆ ಹಿಡಿತ ಕೊಡದ ನೆಲವನ್ನು ಕಬ್ಬಿಣ ಕಚ್ಚಿ ಹಿಡಿಯುತ್ತದೆ. ಮಂಜುಗಡ್ಡೆಯ ಮೇಲೆ ಆ ಹಿಡಿತ ಎಷ್ಟು ಗಟ್ಟಿಯೆಂದರೆ, ತಿರುವಿನಲ್ಲಿ ಗಾಡಿ ಪೂರ್ತಿ ಎಡಕ್ಕೆ ವಾಲಿ ಹ್ಯಾಂಡಲ್ಲಿನ ತುದಿ ನೆಲ ಸವರುತ್ತದೆ. ಸವಾರರು ಎಡಗಾಲಿಗೆ ಹಳೆಯ ಟೈರಿನ ತುಂಡು ಕಟ್ಟಿಕೊಂಡು ಮೊಣಕಾಲಿನ ಮೇಲೆ ಜಾರುತ್ತಾರೆ.

1966ರಲ್ಲಿ ಐಸ್ ಸ್ಪೀಡ್‌ವೇಗೆ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ಬಂತು. ಸೋವಿಯತ್ ಒಕ್ಕೂಟದ ಗಬ್ದ್ರಖ್ಮಾನ್ ಕದಿರೊವ್ ಆ ವರ್ಷವೂ ಸೇರಿ 1973ರೊಳಗೆ ಆರು ಬಾರಿ ಗೆದ್ದರು. ಚೆಕ್ಕರ ಸರದಿ 1970ರಲ್ಲಿ ಆಂಟೊನಿನ್ ಶ್ವಾಬ್ ಮೂಲಕ, ಮತ್ತೆ 1974ರಲ್ಲಿ ಮಿಲನ್ ಶ್ಪಿಂಕಾ ಮೂಲಕ ಬಂತು. ಶೀತಲಸಮರದ ಆ ದಿನಗಳಲ್ಲಿ ಈ ಆಟಕ್ಕೆ ಜೀವ ತುಂಬಿದ್ದು ಚಳಿನಾಡುಗಳ ಕ್ರೀಡಾಕೂಟಗಳು. ಯಂತ್ರ ಒದಗಿಸಿದ್ದು ಬಹುಪಾಲು ಡಿವಿಶೋವ್.

ಅಟ್ಲಾಂಟಿಕ್‌ನ ಆಚೆಗೆ 1960ರ ದಶಕದಲ್ಲಿ ಇನ್ನೊಂದು ದುಡಿಯುವ ಯಂತ್ರ ಮಂಜುಗಡ್ಡೆಯ ರೇಸಿಗೆ ಇಳಿಯಿತು. ಅದು ಸ್ನೋಮೊಬೈಲ್: ಮುಂದೆ ಎರಡು ಜಾರುಪಟ್ಟಿ, ಹಿಂದೆ ಸುತ್ತುವ ರಬ್ಬರ್ ಪಟ್ಟಿ. ಕೆನಡಾದ ವಾಲ್‌ಕೋರ್ಟ್ ಎಂಬ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1922ರಲ್ಲಿ, ಹದಿನೈದರ ಹರೆಯದಲ್ಲೇ, ಹಿಮದ ಮೇಲೆ ಓಡುವ ಮೊದಲ ವಾಹನ ಕಟ್ಟಿದ್ದ. 1934ರ ಚಳಿಗಾಲದಲ್ಲಿ ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಅವನ ಎಳೆಯ ಮಗ ತೀರಿಕೊಂಡ. ಆ ಸಾವಿನ ನಂತರ ಅವನ ಪ್ರಯತ್ನ ಇನ್ನಷ್ಟು ತೀವ್ರವಾಯಿತು. 1959ರಲ್ಲಿ ಬಂದ ಸ್ಕೀ-ಡೂ ಒಬ್ಬಿಬ್ಬರು ಕೂರುವ ಹಗುರ ಗಾಡಿ, ಅದರ ಮೊದಲ ಎಂಜಿನ್ ಫೋರ್-ಸ್ಟ್ರೋಕ್. ಅಮೆರಿಕದ ಮಿನೆಸೋಟಾದಲ್ಲಿ ಎಡ್ಗರ್ ಹೆಟೀನ್ ಮತ್ತು ಸಂಗಡಿಗರ ಪೊಲಾರಿಸ್, ಆಮೇಲೆ ಹೆಟೀನ್ ಬೇರೆಯಾಗಿ ಕಟ್ಟಿದ ಆರ್ಕ್ಟಿಕ್ ಕ್ಯಾಟ್ ಕಂಪನಿಗಳು ಬಂದವು. 1964ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ಈಗಲ್ ರಿವರ್‌ನಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೊದಲ ದೊಡ್ಡ ರೇಸು ನಡೆಯಿತು. ಅದು ಬೆಳೆದು ಅರ್ಧ ಮೈಲಿಯ ಮಂಜುಗಡ್ಡೆಯ ಅಂಡಾಕಾರದ ಟ್ರ್ಯಾಕಿನಲ್ಲಿ ಪ್ರತಿವರ್ಷ ನಡೆಯುವ ವಿಶ್ವ ಚಾಂಪಿಯನ್‌ಶಿಪ್ ಆಯಿತು.

1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಐದು ಲಕ್ಷದ ಹತ್ತಿರ ಸ್ನೋಮೊಬೈಲ್‌ಗಳು ಮಾರಾಟವಾಗಿ, ನೂರಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡಿದ್ದವು. 1973ರ ತೈಲ ಬಿಕ್ಕಟ್ಟಿನ ಹೊಡೆತಕ್ಕೆ ಬಹುಪಾಲು ಮುಚ್ಚಿಹೋದವು. ಅವುಗಳ ಗಾಡಿಗಳು ಮಾತ್ರ ಕೊಟ್ಟಿಗೆಗಳಲ್ಲಿ ಉಳಿದವು. ಮುಂದಿನ ತಲೆಮಾರು ಅವನ್ನು ಎತ್ತಿ ತಂದು ವಿಂಟೇಜ್ ರೇಸಿಗೆ ಸಜ್ಜು ಮಾಡಿತು. ಗಾಜಿನ ಕವಚ, ದೀಪ, ಅಗಲ ಸೀಟು ಕಳಚುವುದು. ಗಾಡಿಯ ಎತ್ತರ ತಗ್ಗಿಸುವುದು. ಜಾರುಪಟ್ಟಿಯ ಅಡಿಗೆ ಕಾರ್ಬೈಡ್ ಅಂಚು, ರಬ್ಬರ್ ಪಟ್ಟಿಗೆ ಮೊಳೆ ಕೂರಿಸುವುದು. ಸವಾರ ಬಿದ್ದೊಡನೆ ಎಂಜಿನ್ ನಿಲ್ಲುವಂತೆ ಅವನ ಮೈಗೆ ದಾರ ಕಟ್ಟಿ ಸ್ವಿಚ್ಚಿಗೆ ಸೇರಿಸುವುದು ಅಲ್ಲಿನ ವಾಡಿಕೆಯ ಕೆಲಸಗಳು. ಕಡೆಯದನ್ನು ಯಾವ ಸಂಘಟಕರೂ ಬಿಟ್ಟುಕೊಡುವುದಿಲ್ಲ, ಅದು ಸರಿ ಕೂಡ. ಕಾರ್ಖಾನೆ ಸತ್ತ ಮೇಲೂ ಯಂತ್ರ ಹವ್ಯಾಸಿಗಳ ಕೈಯಲ್ಲಿ ಬದುಕುವ ಈ ಬಗೆ ಮೈಸೂರಿನ ಗಾಡಿಯ ಇತಿಹಾಸದಲ್ಲೂ ಎದುರಾಗುತ್ತದೆ.

ಜಾವಾ ಭಾರತಕ್ಕೆ ಬಂದದ್ದು ಮುಂಬಯಿಯ ಇರಾನಿ ಕುಟುಂಬದ ಮೂಲಕ. ರುಸ್ತುಂ ಇರಾನಿ 1950ರ ದಶಕದಲ್ಲಿ ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. ವಿದೇಶಿ ವಿನಿಮಯ ಉಳಿಸಲು ಸರ್ಕಾರ ಪೂರ್ಣ ವಾಹನಗಳ ಆಮದಿಗೆ ಕಡಿವಾಣ ಹಾಕಿ, ಇಲ್ಲೇ ತಯಾರಿಸುವವರಿಗೆ ದಾರಿ ತೆರೆಯಿತು. ಮದರಾಸಿನಲ್ಲಿ 1955ರಲ್ಲೇ ಎನ್‌ಫೀಲ್ಡ್ ಬಂದಿತ್ತು. ಇರಾನಿ ಅವರ ಐಡಿಯಲ್ ಜಾವಾ 1960ರಲ್ಲಿ ಮೈಸೂರನ್ನು ಆರಿಸಿಕೊಂಡಿತು. ಫರೋಖ್ ಇರಾನಿ ಕಂಪನಿಯನ್ನು ಮುನ್ನಡೆಸಿದವರಲ್ಲಿ ಪ್ರಮುಖರು. ಮೊದಲಿಗೆ ಚೆಕ್ ಬಿಡಿಭಾಗಗಳನ್ನು ಜೋಡಿಸುತ್ತಿದ್ದ ಕಾರ್ಖಾನೆ ಕ್ರಮೇಣ ಬಹುತೇಕ ಭಾಗಗಳನ್ನು ಇಲ್ಲಿಯೇ ಮಾಡತೊಡಗಿತು. ರೇಷ್ಮೆ, ಗಂಧದೆಣ್ಣೆ, ರೈಲ್ವೆ ವರ್ಕ್‌ಶಾಪುಗಳ ಮೈಸೂರಿನಲ್ಲಿ ನುರಿತ ಕೆಲಸಗಾರರಿಗೆ ಬರವಿರಲಿಲ್ಲ.

ಜನ ‘ಎ ಟೈಪ್’ ಎಂದು ಕರೆದ ಆ ಮೊದಲ ಗಾಡಿ 353 ಮಾದರಿಯದು: ಒಂಟಿ ಸಿಲಿಂಡರ್, 248.5 ಸಿಸಿ, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 12 ಅಶ್ವಶಕ್ತಿ, ನಾಲ್ಕು ಗೇರು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಲಿವರ್ ಆಗುತ್ತಿತ್ತು. ಗೇರು ತುಳಿದರೆ ಕ್ಲಚ್ ತಾನಾಗಿ ಬಿಡುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. ಉದ್ದನೆಯ ಸ್ಟ್ರೋಕ್‌ನಿಂದಾಗಿ ಕೆಳಗಿನ ವೇಗದಲ್ಲೇ ಎಳೆತ ಚೆನ್ನಾಗಿತ್ತು, ಏರಿನಲ್ಲೂ ಹೊರೆ ಹೊತ್ತಾಗಲೂ ಗಾಡಿ ಸೋಲುತ್ತಿರಲಿಲ್ಲ.

ಇಂಥ ಗಾಡಿ ಇಳಿದ ನೆಲಗಳಲ್ಲೊಂದಾದ ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರಿನ ಕಾರ್ಖಾನೆ ಮೊದಲ ಗಾಡಿ ಮಾಡಿದಾಗ ಸಿಂಧನೂರು, ಲಿಂಗಸುಗೂರು ಸೀಮೆ ಮೈಸೂರು ರಾಜ್ಯದ ಭಾಗವಾಗಿ ಐದು ವರ್ಷ ಕೂಡ ಆಗಿರಲಿಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಹರಿದು ಜೋಳದ ಎರೆಹೊಲಗಳು ಭತ್ತದ ಗದ್ದೆಯಾಗುತ್ತಿದ್ದ ಕಾಲ ಅದು. ಕಾಲುವೆಯ ಏರಿ, ಕ್ಯಾಂಪುಗಳ ಕಚ್ಚಾರಸ್ತೆ, ಮಳೆ ಬಂದರೆ ಚಕ್ರಕ್ಕೆ ಮೆತ್ತಿಕೊಳ್ಳುವ ಎರೆಮಣ್ಣು: ಇಂಥ ನೆಲದಲ್ಲಿ ಯಂತ್ರ ಬಂದ ಹಾಗೆಯೇ ಉಳಿಯುವುದು ಅಪರೂಪ. ಗಾಡಿಯನ್ನು ತನ್ನ ನೆಲಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಬುದ್ಧಿ ರೇಸಿನವರದ್ದಷ್ಟೇ ಅಲ್ಲ. ಬಯಲುಸೀಮೆಯ ಪ್ರತಿ ಪಟ್ಟಣದ ಗ್ಯಾರೇಜಿನಲ್ಲೂ ಅದಿತ್ತು, ಈಗಲೂ ಇದೆ.

1961ರಲ್ಲೇ, ಮೈಸೂರಿನಿಂದ ಬಹುದೂರದಲ್ಲಿ, ಟೂ-ಸ್ಟ್ರೋಕ್ ಎಂಜಿನ್ನಿನ ಭವಿಷ್ಯ ಬದಲಿಸಿದ ಘಟನೆಯೊಂದು ನಡೆಯಿತು. ಪೂರ್ವ ಜರ್ಮನಿಯ ಚೋಪಾವ್‌ನ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್, ಸೈಲೆನ್ಸರ್ ಕೊಳವೆಯ ಆಕಾರದಲ್ಲೇ ಅಡಗಿರುವ ಶಕ್ತಿಯನ್ನು ಕಂಡುಕೊಂಡಿದ್ದರು. ಸಿಲಿಂಡರಿನಿಂದ ಹೊರಬಿದ್ದ ಹೊಗೆಯ ಒತ್ತಡದ ಅಲೆ ಕೊಳವೆಯ ಹಿಗ್ಗಿದ ಭಾಗದಲ್ಲಿ ಹರಡಿ, ಕಿರಿದಾದ ತುದಿಗೆ ಬಡಿದು ಹಿಂದಿರುಗುತ್ತದೆ. ಸರಿಯಾದ ಕ್ಷಣಕ್ಕೆ ಹಿಂದಿರುಗಿದರೆ, ಸೋರಿಹೋಗುತ್ತಿದ್ದ ತಾಜಾ ಪೆಟ್ರೋಲ್-ಗಾಳಿಯನ್ನು ಅದು ಮತ್ತೆ ಸಿಲಿಂಡರಿನೊಳಕ್ಕೆ ನೂಕುತ್ತದೆ. ಎಕ್ಸ್‌ಪಾನ್ಷನ್ ಚೇಂಬರ್ ಎಂದು ಹೆಸರಾದ ಕೊಳವೆ ಇದು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ರೇಸಿನ ಸಮಯದಲ್ಲಿ ಎಂಝಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪರಾರಿಯಾದ. ಹೋಗುವಾಗ ಈ ತಿಳಿವಳಿಕೆಯನ್ನೂ ಒಯ್ದು ಜಪಾನಿನ ಸುಜುಕಿಗೆ ಕೊಟ್ಟ. ಮರುವರ್ಷವೇ ಸುಜುಕಿ ಏರಿ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದ. ಚಿಕ್ಕ ಎಂಜಿನ್ನಿನಿಂದ ದೊಡ್ಡ ಶಕ್ತಿ ತೆಗೆಯುವ ವಿದ್ಯೆಯಲ್ಲಿ ಅಲ್ಲಿಂದಾಚೆ ಜಪಾನಿಗರು ಮುಂದಾದರು. ಮೈಸೂರಿನ ಕಾರ್ಖಾನೆ ಕೈಗೆತ್ತಿಕೊಂಡದ್ದು ಆ ಬದಲಾವಣೆಗೆ ಹಿಂದಿನ ಯುಗದ ಎಂಜಿನ್ನನ್ನು. ಅದರ ಫಲ ಗೊತ್ತಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ದಕ್ಷಿಣ ಭಾರತದಲ್ಲಿ ರೇಸೆಂದರೆ ಆಗ ಶೋಲಾವರಂ. ಮದರಾಸಿನ ಉತ್ತರಕ್ಕಿರುವ ಆ ಊರಿನಲ್ಲಿ ಮಹಾಯುದ್ಧಕ್ಕಾಗಿ ಕಟ್ಟಿದ ವಿಮಾನದ ಓಡುಪಟ್ಟಿ ಖಾಲಿ ಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅದನ್ನೇ ರೇಸ್ ಟ್ರ್ಯಾಕ್ ಮಾಡಿಕೊಂಡಿತು. ವಿಮಾನಕ್ಕಾಗಿ ಹಾಕಿದ ನೇರ ದಾರಿ, ತುದಿಯಲ್ಲಿ ಚೂಪು ತಿರುವು, ಅಂಚಿಗೆ ಹುಲ್ಲಿನ ಪೆಂಡಿ. ಕಾರುಗಳೂ ಬೈಕುಗಳೂ ಅಲ್ಲಿ ಓಡಿದವು, ನೋಡಲು ಸಾವಿರಾರು ಜನ ಸೇರುತ್ತಿದ್ದರು. ಬೆಂಗಳೂರು, ಮೈಸೂರಿನ ಸವಾರರು ಗಾಡಿಗಳನ್ನು ಅಲ್ಲಿಗೆ ಒಯ್ಯುತ್ತಿದ್ದರು. ಐಡಿಯಲ್ ಜಾವಾ ಕೂಡ ರೇಸಿಗೆ ಗಾಡಿಗಳನ್ನು ಸಜ್ಜು ಮಾಡಿ ಕಳಿಸಿತು. ಆದರೆ ವಿದೇಶಿ ರೇಸ್ ಬೈಕು ತರಿಸಲು ಆಮದು ನೀತಿ ಬಿಡುತ್ತಿರಲಿಲ್ಲ. ಹಾಗಾಗಿ ಸ್ಪರ್ಧೆಯ ಬಹುಭಾಗ ನಡೆದದ್ದು ದೇಶದಲ್ಲೇ ತಯಾರಾದ ಬುಲೆಟ್, ಜಾವಾ, ರಾಜದೂತ್‌ಗಳ ನಡುವೆ. ಗೆಲುವು ನಿರ್ಧಾರವಾಗುತ್ತಿದ್ದದ್ದು, ಅಂಗಡಿಯಲ್ಲಿ ಸಿಗುವ ಅದೇ ಗಾಡಿಯಿಂದ ಯಾರು ಎಷ್ಟು ಹಿಂಡಬಲ್ಲರು ಎಂಬುದರಿಂದ.

ಹಿಂಡುವ ಕೆಲಸ ಕಳಚುವುದರಿಂದ ಶುರು. ಮಡ್‌ಗಾರ್ಡ್, ಹೆಡ್‌ಲೈಟ್, ಸ್ಟ್ಯಾಂಡು, ಟೂಲ್ ಬಾಕ್ಸು, ಚೈನ್ ಕವರ್ ಎಲ್ಲವೂ ಹೋಗುತ್ತಿದ್ದವು. ಹ್ಯಾಂಡಲ್ ತಗ್ಗಿಸಿ, ಕಾಲಿಡುವ ಕಂಬಿಯನ್ನು ಹಿಂದಕ್ಕೆ ಸರಿಸಿ, ಸವಾರ ಟ್ಯಾಂಕಿನ ಮೇಲೆ ಮಲಗಿ ಗಾಳಿ ಸೀಳುವಂತೆ ಮಾಡುತ್ತಿದ್ದರು. ಊರಿನಲ್ಲಿ ಹಿತವಾದ ತಾನೇ ಬಿಡುವ ಕ್ಲಚ್ ರೇಸಿನಲ್ಲಿ ಅಡ್ಡಿ, ಅದನ್ನು ಹಲವರು ಕಿತ್ತುಹಾಕುತ್ತಿದ್ದರು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಲೆಕ್ಕ ಟ್ರ್ಯಾಕಿಗೆ ತಕ್ಕಂತೆ ಬದಲಾಗುತ್ತಿತ್ತು.

ನಿಜವಾದ ವಿದ್ಯೆ ಇದ್ದದ್ದು ಬ್ಯಾರೆಲ್ಲಿನಲ್ಲಿ. ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ ಮುಚ್ಚಿ ತೆರೆದು ಉಸಿರಾಟ ನಡೆಸುತ್ತದೆ. ಆ ಕಿಂಡಿಗಳೇ ಪೋರ್ಟುಗಳು. ಹೊಗೆಯ ಪೋರ್ಟನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ಅರ ಉಜ್ಜಿದರೆ ಎಂಜಿನ್ ಹೆಚ್ಚು ಸುತ್ತುತ್ತದೆ, ಕೆಳಗಿನ ಎಳೆತ ಕಳೆದುಕೊಳ್ಳುತ್ತದೆ. ಪಿಸ್ಟನ್ನಿನ ಕೆಳ ಅಂಚು ಕತ್ತರಿಸಿದರೆ ಒಳಬರುವ ದಾರಿ ಹೆಚ್ಚು ಹೊತ್ತು ತೆರೆದಿರುತ್ತದೆ. ಹೆಡ್ಡನ್ನು ಲೇತಿನಲ್ಲಿ ತೆಗೆಸಿದರೆ ಒತ್ತಡ ಏರುತ್ತದೆ, ಅದರೊಂದಿಗೆ ಬಿಸಿಯೂ. ಮೂಲ ಕಾರ್ಬ್ಯುರೇಟರ್ ಬದಲು ಅಗಲ ಬಾಯಿಯದನ್ನು ಕೂರಿಸಿ, ಎರಡು ಸೈಲೆನ್ಸರ್ ಕಿತ್ತು ತಗಡು ಸುತ್ತಿ ಬೆಸುಗೆ ಹಾಕಿದ ಎಕ್ಸ್‌ಪಾನ್ಷನ್ ಚೇಂಬರ್ ಜೋಡಿಸುತ್ತಿದ್ದರು. ಕಾಡೆನ್‌ನ ವಿದ್ಯೆ ಹೀಗೆ ಮೈಸೂರಿನ ಗಾಡಿಗೂ ಬಂತು, ಕಾರ್ಖಾನೆಯ ನಕ್ಷೆಯ ಮೂಲಕವಲ್ಲ, ಗ್ಯಾರೇಜಿನ ಬೆಸುಗೆಯ ಮೂಲಕ. 1973ರಲ್ಲಿ ಬಂದ ಗಾರ್ಡನ್ ಜೆನಿಂಗ್ಸ್ ಅವರ ಟೂ-ಸ್ಟ್ರೋಕ್ ಕೈಪಿಡಿಯಂಥ ಪುಸ್ತಕಗಳು ಲೆಕ್ಕವನ್ನು ಜಗತ್ತಿನ ಹವ್ಯಾಸಿಗಳಿಗೆಲ್ಲ ತೆರೆದಿಟ್ಟವು.

ಈ ಎಂಜಿನ್ ಎಲ್ಲದಕ್ಕೂ ಒಪ್ಪುತ್ತಿರಲಿಲ್ಲ. ಸ್ಟ್ರೋಕ್ ಉದ್ದವಾದ್ದರಿಂದ ಸುತ್ತು ಏರಿದಷ್ಟೂ ಪಿಸ್ಟನ್ ವಿಪರೀತ ವೇಗದಲ್ಲಿ ಓಡಬೇಕು. ಬ್ಯಾರೆಲ್ ಎರಕದ ಕಬ್ಬಿಣದ್ದು, ಬಿಸಿ ಬೇಗ ಬಿಡದು. ಪೆಟ್ರೋಲು ತುಸು ಕಡಿಮೆ ಹರಿದರೂ, ಪಾಯಿಂಟ್ ಸೆಟ್ಟಿಂಗ್ ತುಸು ತಪ್ಪಿದರೂ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಒಮ್ಮೆಲೇ ಕಟ್ಟಿಕೊಳ್ಳುತ್ತಿತ್ತು. ಅದಕ್ಕೇ ರೇಸಿನ ಸವಾರರ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ. ಬಿಸಿ ತಡೆಯಲು ಹರಳೆಣ್ಣೆ ಆಧಾರದ ಆಯಿಲ್ ಬೆರೆಸುತ್ತಿದ್ದರು. ಅದರ ಹೊಗೆಯ ವಾಸನೆಯೇ ಆ ಕಾಲದ ರೇಸಿನ ಗುರುತು. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು ಮೆಕ್ಯಾನಿಕ್‌ನ ಮುಖ್ಯ ಪರೀಕ್ಷೆ: ಬಿಳಿಚಿದ್ದರೆ ಅಪಾಯ, ಮಸಿಯಾಗಿದ್ದರೆ ಶಕ್ತಿ ನಷ್ಟ, ಕಂದು ಬಣ್ಣ ಸರಿ. ಇಂಥ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ಕೈಯಿಂದ ಕೈಗೆ ದಾಟಿತು. ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟೋ ಹುಡುಗರು ಇದೇ ಬ್ಯಾರೆಲ್ ಮುಂದೆ ಕೂತು ಒತ್ತಡ, ಅಲೆ, ಉಷ್ಣದ ವಿಜ್ಞಾನವನ್ನು ಕಲಿತರು. ಐಡಿಯಲ್ ಜಾವಾದ ಸಾಧನೆಯ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ, ಸೇರಿಸಬೇಕಿತ್ತು.

1970ರ ದಶಕದ ಆರಂಭದಲ್ಲಿ ಚೆಕ್ ಪರವಾನಗಿ ಮುಗಿದು, 1973ರಿಂದ ಮೈಸೂರಿನ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. ಇರಾನಿನ ಯಜ್ದ್ ಪಟ್ಟಣ ಈ ಹೆಸರಿನ ಮೂಲ ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಕ್ಲಾಸಿಕ್, ಡೀಲಕ್ಸ್, ಆಯಿಲ್ ಪಂಪಿದ್ದ ಆಯಿಲ್‌ಕಿಂಗ್ ಮುಂತಾದ ಮಾದರಿಗಳ ನಡುವೆ 1978ರಲ್ಲಿ ಬಂದ ರೋಡ್‌ಕಿಂಗ್ ಹೆಚ್ಚು ಜನಪ್ರಿಯವಾಯಿತು. ಬೋರ್-ಸ್ಟ್ರೋಕ್ ಹಳೆಯದೇ, ಶಕ್ತಿ 16 ಅಶ್ವಶಕ್ತಿಗೆ ಏರಿತ್ತು. ಸಿಝಡ್‌ನ ಮೋಟೊಕ್ರಾಸ್ ಗಾಡಿಯೇ ರೋಡ್‌ಕಿಂಗ್‌ಗೆ ಮೂಲ ಎಂದು ಅದರ ಪ್ರಿಯರು ಹೇಳುತ್ತಾರೆ. ಚಾಸಿಯ ನಿಲುವು, ಮೈಕಟ್ಟು ನೋಡಿದರೆ ಆ ಮಾತಿಗೆ ಆಧಾರವಿದೆ ಎನಿಸುತ್ತದೆ. ಎಂಜಿನ್ನನ್ನು ನೋಡಿದರೆ ಅದು ದಾರಿಯ ಜಾವಾದ ಮುಂದುವರಿಕೆ ಎಂಬ ಮಾತೇ ಹೆಚ್ಚು ಒಪ್ಪಿಗೆಯಾಗುತ್ತದೆ. ರೇಸು ಮತ್ತು ರ‍್ಯಾಲಿಗೆ ಹವ್ಯಾಸಿಗಳು ಹೆಚ್ಚಾಗಿ ಆರಿಸಿಕೊಂಡ ಯೆಜ್ಡಿ ಇದೇ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಂಥ ಸ್ಪರ್ಧೆಗಳು ಬೆಂಗಳೂರಿನಲ್ಲಿ ಅಂಥ ಹವ್ಯಾಸಿಗಳ ದೊಡ್ಡ ಬಳಗವನ್ನೇ ಬೆಳೆಸಿದವು.

ತಿರುವು ಬಂದದ್ದು 1980ರ ದಶಕದ ನಡುವಿನಲ್ಲಿ. ಸರ್ಕಾರ ಜಪಾನಿ ಸಹಯೋಗಕ್ಕೆ ಒಪ್ಪಿಗೆ ಕೊಟ್ಟಿತು. 1983ರಲ್ಲಿ ಎಸ್ಕಾರ್ಟ್ಸ್ ತಂದ ರಾಜದೂತ್ 350, ಯಮಾಹಾ ತಂತ್ರದ ಅವಳಿ ಸಿಲಿಂಡರ್ ಗಾಡಿ, ರೇಸಿನಲ್ಲಿ ದೊಡ್ಡ ವಿಭಾಗವನ್ನು ಆಕ್ರಮಿಸಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ100, ಅದೇ ವರ್ಷ ಯಮಾಹಾ ಆರ್‌ಎಕ್ಸ್ 100. ಆರ್‌ಎಕ್ಸ್‌ನ 98 ಸಿಸಿ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು, ಗಾಡಿಯ ತೂಕ ನೂರು ಕಿಲೋ ಆಸುಪಾಸು. ರೋಡ್‌ಕಿಂಗ್‌ನ ತೂಕ ನೂರ ನಲವತ್ತರ ಹತ್ತಿರ. ಒಂದು ಲೀಟರ್ ಎಂಜಿನ್ ಅಳತೆಗೆ ಲೆಕ್ಕ ಹಾಕಿದರೆ ಆರ್‌ಎಕ್ಸ್ 112, ರೋಡ್‌ಕಿಂಗ್ 64 ಅಶ್ವಶಕ್ತಿ. 1961ರಲ್ಲಿ ಡೆಗ್ನರ್ ಜಪಾನಿಗೆ ಒಯ್ದ ವಿದ್ಯೆ ಅಲ್ಲಿ ಬೆಳೆದು, ಇಪ್ಪತ್ತನಾಲ್ಕು ವರ್ಷದ ನಂತರ ಭಾರತದ ಶೋರೂಮಿನಲ್ಲಿ ನಿಂತಿತ್ತು. ರೇಸಿನ ಟ್ಯೂನರ್‌ಗಳು ಆರ್‌ಎಕ್ಸ್ ಕಡೆ ಹೊರಳಿದರು. ಕಚೇರಿಗೆ ಹೋಗುವವರು ಲೀಟರಿಗೆ 80 ಕಿಲೋಮೀಟರ್ ಎಂದು ಜಾಹೀರಾತು ಕೊಟ್ಟ ಹೀರೋ ಹೋಂಡಾಕ್ಕೆ ಹೊರಳಿದರು. ಯೆಜ್ಡಿಗೆ ಎರಡೂ ಕಡೆಯಿಂದ ಹೊಡೆತ ಬಿತ್ತು. ಶೋಲಾವರಂನ ಯುಗವೂ ಆ ದಶಕದ ಕೊನೆಯಲ್ಲಿ ಮುಗಿಯಿತು. 1990ರಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಟ್ಟುಕೋಟೈನಲ್ಲಿ ರೇಸಿಗೆಂದೇ ಕಟ್ಟಿದ ಟ್ರ್ಯಾಕ್ ತೆರೆಯಿತು.

ಮೈಸೂರಿನ ಕಾರ್ಖಾನೆ 1996ರಲ್ಲಿ ನಿಂತದ್ದಕ್ಕೆ ಕಾರಣ ಹುಡುಕುವವರಲ್ಲಿ ಒಮ್ಮತವಿಲ್ಲ. ಜಪಾನಿ ಗಾಡಿಗಳ ಸ್ಪರ್ಧೆ ಎಂದು ಕೆಲವರು, 1991ರಲ್ಲಿ ಬಂದು 1996ರಲ್ಲಿ ಬಿಗಿಯಾದ ಹೊಗೆ ನಿಯಮಗಳು ಎಂದು ಕೆಲವರು, ಆಡಳಿತ ಮತ್ತು ಕಾರ್ಮಿಕರ ನಡುವಿನ ತಿಕ್ಕಾಟ ಎಂದು ಇನ್ನು ಕೆಲವರು ಹೇಳುತ್ತಾರೆ. ಆರ್‌ಎಕ್ಸ್ 100 ಕೂಡ ಅದೇ 1996ರಲ್ಲಿ ನಿಂತದ್ದನ್ನು ನೋಡಿದರೆ ಹೊಗೆ ನಿಯಮದ ಪಾಲು ಸಣ್ಣದಲ್ಲ. ಆದರೆ ಯಮಾಹಾ ಹೊಸ ಮಾದರಿಯೊಂದಿಗೆ ಮುಂದೆ ಹೋಯಿತು, ಐಡಿಯಲ್ ಜಾವಾ ಹೋಗಲಿಲ್ಲ. ಮೂರು ದಶಕ ಮೂಲ ಎಂಜಿನ್ನಿನ ಅಳತೆಯನ್ನೇ ಬದಲಿಸದೆ ಉಳಿದದ್ದು ನಿರ್ಣಾಯಕ ಕಾರಣವೆನ್ನಲು ಅಡ್ಡಿಯಿಲ್ಲ. ಕಾರ್ಖಾನೆಯ ಗೋಡೆಯ ಹೊರಗೆ ಸವಾರರೂ ಮೆಕ್ಯಾನಿಕ್‌ಗಳೂ ಆ ಎಂಜಿನ್ನಿನ ಮಿತಿಗಳನ್ನು ಬಿಡಿಸಿ ತೋರಿಸಿದ್ದರು. ಅವರು ಕಲಿತದ್ದು ಮಾರಾಟಕ್ಕೆ ಬರುವ ಗಾಡಿಯೊಳಕ್ಕೆ ಹರಿಯಲಿಲ್ಲ. ಡಿವಿಶೋವ್‌ಗೂ ಯಾದವಗಿರಿಗೂ ಇದ್ದ ದೊಡ್ಡ ಅಂತರ ಇದು: ಅಲ್ಲಿ ರೇಸು ಮತ್ತು ಕಾರ್ಖಾನೆ ಒಂದೇ ಸೂರಿನಡಿ ಇದ್ದವು.

ನಂತರದ ದಿನಗಳಲ್ಲಿ ಗಾಡಿಯನ್ನು ಉಳಿಸಿದವರು ಮೆಕ್ಯಾನಿಕ್‌ಗಳು. ಬಿಡಿಭಾಗ ನಿಂತ ಮೇಲೂ ಹಳೆಯ ಗಾಡಿಗಳನ್ನು ಕಳಚಿ, ಲೇತಿನಲ್ಲಿ ಮಾಡಿಸಿ, ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ ಓಡಿಸಿದರು. ಟ್ಯೂನಿಂಗ್‌ನ ಆ ಸಂಸ್ಕೃತಿಯಿಂದ ಬಂದವರಲ್ಲಿ ಮೈಸೂರಿನ ಸೋಮೇಂದರ್ ಸಿಂಗ್ ಒಬ್ಬರು. ರೇಸ್ ಸವಾರರೂ ಟ್ಯೂನರರೂ ಆದ ಅವರು ಎಂಜಿನ್ ಹೆಡ್ಡಿನ ಒಳಮೈಯಲ್ಲಿ ಗೀರುಗಳನ್ನು ಕೊರೆದು ದಹನ ಚುರುಕುಗೊಳಿಸುವ ವಿಧಾನಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದರ ಫಲ ಎಷ್ಟೆಂಬುದರ ಬಗ್ಗೆ ಎಂಜಿನಿಯರ್‌ಗಳಲ್ಲಿ ಇಂದಿಗೂ ಚರ್ಚೆ ಇದೆ. ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ನಡೆಯುವ ಮಣ್ಣಿನ ಟ್ರ್ಯಾಕಿನ ರೇಸುಗಳು ಊರಿನ ಆ ಹುಚ್ಚು ಆರಿಲ್ಲವೆಂದು ತೋರಿಸುತ್ತವೆ. ಜುಲೈನ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಅಂದು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ನೂರಾರು ಹಳೆಯ ಗಾಡಿಗಳು ಒಟ್ಟಿಗೆ ಸೇರುತ್ತವೆ. 2018ರ ನವೆಂಬರ್‌ನಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನೂ, 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಮರಳಿ ತಂದಿತು. ಈಗಿನವು ಫೋರ್-ಸ್ಟ್ರೋಕ್ ಗಾಡಿಗಳು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ.

ಹಳೆಯ ಯೆಜ್ಡಿಯನ್ನು ಇಂದು ರೇಸಿಗೆ ತಿದ್ದಬೇಕೆನ್ನುವವರ ಮುಂದೆ ಶೋಲಾವರಂ ಕಾಲದಲ್ಲಿ ಇರದಿದ್ದ ಪ್ರಶ್ನೆಯೊಂದಿದೆ. ಆಗ ಗಾಡಿ ಹೇರಳವಾಗಿತ್ತು, ಒಂದು ಬ್ಯಾರೆಲ್ ಕೆಟ್ಟರೆ ಇನ್ನೊಂದು ಸಿಗುತ್ತಿತ್ತು. ಈಗ ಮೂಲ ಬ್ಯಾರೆಲ್ ಅಪರೂಪ, ಒಮ್ಮೆ ಅರ ಉಜ್ಜಿದ ಪೋರ್ಟು ಮತ್ತೆ ಹಿಂದಿನಂತಾಗದು. ಆದ್ದರಿಂದ ತಿಳಿದವರು ಮೂಲ ಬ್ಯಾರೆಲ್, ಹೆಡ್ಡು, ಸೈಲೆನ್ಸರ್‌ಗಳನ್ನು ಎತ್ತಿಟ್ಟು, ಸವೆದ ಅಥವಾ ಒಡೆದ ಭಾಗಗಳ ಮೇಲೆ ಪ್ರಯೋಗ ಮಾಡುತ್ತಾರೆ. ಚಾಸಿ ಕೊಯ್ಯದೆ, ಬೋಲ್ಟು ಬಿಚ್ಚಿದರೆ ಮತ್ತೆ ಊರಿನ ಗಾಡಿಯಾಗುವಂತೆ ಬದಲಾವಣೆಗಳನ್ನು ಇಡುತ್ತಾರೆ. ಇದೇ ಸರಿಯಾದ ದಾರಿ.

ಶೋಲಾವರಂನಲ್ಲಿ ಓಡಿದವರು, ಯಾದವಗಿರಿಯಲ್ಲಿ ದುಡಿದವರು, ಅವರ ಗಾಡಿಗಳಿಗೆ ಪೋರ್ಟು ಕೊರೆದವರು ಈಗ ಹಿರಿಯ ವಯಸ್ಸಿನಲ್ಲಿದ್ದಾರೆ. ಅವರ ಬಳಿ ಇರುವ ಅಳತೆಯ ಚೀಟಿಗಳು, ಫೋಟೋಗಳು, ಹಾಳಾದ ಪಿಸ್ಟನ್ನುಗಳು ಕನ್ನಡ ನಾಡಿನ ತಾಂತ್ರಿಕ ಇತಿಹಾಸದ ದಾಖಲೆಗಳು. ಮೈಸೂರಿನ ವಿಶ್ವವಿದ್ಯಾಲಯಗಳೂ ವಸ್ತುಸಂಗ್ರಹಾಲಯಗಳೂ ಜಾವಾ ಬಳಗಗಳೂ ಆ ಹಿರಿಯರ ಮಾತನ್ನು ಧ್ವನಿಮುದ್ರಿಸಿ, ಆ ವಸ್ತುಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಈಗಲೇ ಕೈಹಾಕಬೇಕು. ಮನೆಯಲ್ಲಿ ಅಂಥ ಹಳೆಯ ಚೀಟಿಯೋ ಫೋಟೋವೋ ಇರುವ ಓದುಗರು ಅದನ್ನು ಗುಜರಿಗೆ ಹಾಕದೆ ಈ ಸಂಸ್ಥೆಗಳಿಗೆ ತಲುಪಿಸಬೇಕು.